ಸೊನ್ನೆಯಾಗದ ಮೂರನೇ ಹಂತ

ಮುಸರತ್ ನಮ್ಮ ಸಿಂಧನೂರಿನ ಕಚೇರಿಗೆ ಬಂದ ವರ್ಷ, ವರ್ಗವಾಗಿ ಹೋದ ಗುಮಾಸ್ತನೊಬ್ಬನ ಅಲಮಾರಿ ತೆಗೆದರೆ ನೂರಾ ನಲವತ್ತು ಅರ್ಜಿ ಧೂಳು ತಿನ್ನುತ್ತಿದ್ದವು. ಅವಳಿಗೆ ಪಿತ್ತ ನೆತ್ತಿಗೇರಿತು. ಒಂದು ಭಾನುವಾರ ಊರಿಗೂ ಹೋಗದೆ ಕುಳಿತು, ಮನೆ ಖಾತೆಯ ಅರ್ಜಿ ಯಾರಿಂದ ಯಾರಿಗೆ, ಎಷ್ಟು ದಿನದಲ್ಲಿ ಹೋಗಬೇಕೆಂದು ಐದು ಹಂತಗಳ ಪಟ್ಟಿ ಬರೆದಳು. ಕೊನೆಗೊಂದು ನಿಯಮ: ತಮ್ಮ ಹಂತದ ಬಾಕಿ ಸೊನ್ನೆಯಾಗುವವರೆಗೆ ಯಾರನ್ನೂ ವರ್ಗಕ್ಕೆ ಬಿಡುಗಡೆ ಮಾಡಕೂಡದು. ಸಾಹೇಬರು ಮೆಚ್ಚಿ ಅದನ್ನು ಕಂಪ್ಯೂಟರಿಗೂ ಹಾಕಿಸಿದರು, ಗೋಡೆಗೂ ಹಚ್ಚಿಸಿದರು. ಅರ್ಜಿಗಳು ಓಡತೊಡಗಿದವು, ಸುಳ್ಳು ಹೇಳಲಾರೆ. ಎರಡನೇ ಹಂತ ನನ್ನದು, ಮೂರನೆಯದು ಅವಳದು.

ಈ ಫೆಬ್ರವರಿಯಲ್ಲಿ ಅವಳಿಗೇ ಲಿಂಗಸುಗೂರಿಗೆ ವರ್ಗದ ಆದೇಶ ಬಂತು. ನಾಲ್ಕು ವರ್ಷದ ಮಗಳು ವಸೀಮಾ ಅಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ಇವಳು ಇಲ್ಲಿ ಬಾಡಿಗೆ ಕೋಣೆಯಲ್ಲಿ. ಭಾನುವಾರ ಮಾತ್ರ ಮಸ್ಕಿ ದಾಟಿ ಹೋಗಿ ಬರುವಳು. ಖುಷಿಗೆ ಇಡೀ ಕಚೇರಿಗೆ ಮಿರ್ಚಿ ತರಿಸಿದಳು.

ಆದರೆ ದಿನಾ ಇಪ್ಪತ್ತು ಅರ್ಜಿ ಮುಗಿಸಿದರೆ ಇಪ್ಪತ್ತು ಬರುತ್ತಿದ್ದವು. ಬಿಡುಗಡೆ ಮಾಡಿರೆಂದು ಸಾಹೇಬರನ್ನು ಕೇಳಿದರೆ ಗೋಡೆಯ ಪಟ್ಟಿ ತೋರಿಸಿದರು.

"ನೀವೇ ಬರದದ್ದಲ್ಲೇನ್ರೀ?"

ಎರಡು ತಿಂಗಳಾಯಿತು. ಮಗಳು ದಿನಾ ಫೋನಿನಲ್ಲಿ ಸೊನ್ನೆ ಆಯಿತೇ ಎಂದು ಕೇಳುವುದನ್ನು ಕಲಿತಳು.

ಕೊನೆಗೆ ನಾನೇ ಜಿದ್ದಿಗೆ ಬಿದ್ದು, ನನಗಿದ್ದ ಮೂರು ದಿನದ ಗಡುವಿನಲ್ಲಿ ಎರಡು ದಿನ ಒಂದು ಅರ್ಜಿಯನ್ನೂ ಅವಳ ಹಂತಕ್ಕೆ ಕಳಿಸಲಿಲ್ಲ. ಎರಡನೇ ದಿನ ಸಂಜೆ ಅವಳ ಬಾಕಿ ಒಂದಕ್ಕೆ ಇಳಿಯಿತು. ಅದು ಜವಳಗೇರಾದ ಯಂಕಮ್ಮನದು. ಸರ್ವೆ ವರದಿ ಬರಲು ಇನ್ನೂ ವಾರ ಬೇಕು. 'ದಾಖಲೆ ಸಾಲದು' ಎಂದು ತಿರಸ್ಕರಿಸಿದರೆ ಆಯಿತು, ಸೊನ್ನೆ.

"ಒತ್ತಿಬಿಡು ನೀ. ಆಕಿ ಮತ್ತ ಅರ್ಜಿ ಹಾಕ್ತಾಳ," ಎಂದೆ.

"ಆರು ಸಲ ಬಂದಾಳ ಸುರೇಖಕ್ಕಾ. ಸರ್ವೇದವರು ಬರ್ಲಿಲ್ಲಂದ್ರ ಆಕಿದೇನು ತಪ್ಪು?"

ಹಟಮಾರಿ! ನನಗೆ ಮೈಯೆಲ್ಲ ಉರಿಯಿತು. ಯಂಕಮ್ಮನ ಮೇಲೋ, ಇವಳ ಮೇಲೋ, ಗೋಡೆಯ ಆ ಹಾಳೆಯ ಮೇಲೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ವಿಡಿಯೊ ಕಾಲ್ ಬಂತು. ವಸೀಮಾ ಅಕ್ಷರ ತಿದ್ದುವ ಪಾಟಿ ಎತ್ತಿ ಹಿಡಿದಿದ್ದಳು. ಪಾಟಿಯ ತುಂಬ ಒಂದು ಸೊಟ್ಟ ಸೊನ್ನೆ.

"ನೋಡಮ್ಮೀ, ನಾನೇ ಸೊನ್ನಿ ಮಾಡೀನಿ. ಈಗ ಬಾ."

ಸೊನ್ನೆ ಚಂದ ಆಗಿದೆ ಎಂದಳು ಮುಸರತ್. ಫೋನ್ ಇಟ್ಟ ಮೇಲೆ ದುಪಟ್ಟಾ ಬಾಯಿಗೊತ್ತಿಕೊಂಡು ಅತ್ತಳು.

ಮರುದಿನ ನನ್ನ ಗಡುವು ಮುಗಿಯಿತು. ಹಿಡಿದಿಟ್ಟಿದ್ದ ನಲವತ್ತೊಂದು ಅರ್ಜಿಗಳನ್ನು ನಾನೇ ಅವಳಿಗೆ ಕಳಿಸಿದೆ.