ಹವ್ಯಾಸ: ಹಲಸಿನ ಹಣ್ಣು ಬಡಿಯುವುದು

ನಂಬಬೇಡಿ. ನಂಬದೆ ಇರುವ ತಾಕತ್ತಿದ್ದರೆ ದಯವಿಟ್ಟು ನಂಬಬೇಡಿ. ಹಲಸಿನ ಹಣ್ಣು ಬಡಿದು ಮೆಡಿಕಲ್ ಸೀಟು ಗಿಟ್ಟಿಸಿದವನು ಇಡೀ ರಾಜ್ಯದಲ್ಲಿ ನಾನೊಬ್ಬನೇ. ಈ ಕಥೆ ಶುರು ಮಾಡಿದರೆ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ನೀವು ಹೊಸಬರು, ಸ್ವಲ್ಪ ಹೊತ್ತು ಕೂತಿರಿ.

ಎಪ್ಪತ್ತರ ದಶಕದ ನಡುವಿನ ಮಾತು. ಆಗ ಮೆಡಿಕಲ್‌ಗೆ ಪ್ರವೇಶ ಪರೀಕ್ಷೆ ಇರಲಿಲ್ಲ. ಪಿಯುಸಿ ಅಂಕಕ್ಕೆ ಸಂದರ್ಶನದ ಅಂಕ ಕೂಡಿಸಿ ಪಟ್ಟಿ ಹಾಕುತ್ತಿದ್ದರು. ನನ್ನ ಪಿಯುಸಿ ಅಂಕ ಕಾಂಪೌಂಡ್ ಗೋಡೆಯ ಮೇಲೆ ಕೂತ ಬೆಕ್ಕಿನ ಹಾಗೆ, ಯಾವ ಕಡೆಗೆ ಬೇಕಾದರೂ ಹಾರಬಹುದಿತ್ತು. ಮೊದಲ ವರ್ಷ ಅದನ್ನು ಆಚೆ ಕಡೆಗೆ ತಳ್ಳಿದವನು ನಾನೇ.

“ಡಾಕ್ಟರ್ ಯಾಕಾಗ್ಬೇಕು?” ಎಂದು ಸಂದರ್ಶನ ಸಮಿತಿಯವರು ಕೇಳಿದರು.

“ಹಳ್ಳಿ ಜನರ ಸೇವೆ ಮಾಡೋಕೆ ಸಾರ್.”

“ಬೆಳಗ್ಗೆಯಿಂದ ಬಂದೋರೆಲ್ಲ ಹಳ್ಳಿಗೇ ಹೊರಟಿದ್ದಾರೆ. ನೀನು ಯಾವ ಹಳ್ಳಿಗಪ್ಪಾ?”

ಆ ಗಾಬರಿಯಲ್ಲಿ ನನಗೆ ನೆನಪಾಗಿದ್ದು ಒಂದೇ ಹೆಸರು. “ಯಲಹಂಕ ಸಾರ್.”

“ಈಗ ಎಲ್ಲಿದ್ದೀಯಾ?”

“ಯಲಹಂಕದಲ್ಲೇ ಸಾರ್.”

“ಮತ್ತೆ ಅದಕ್ಕೆ ಮೆಡಿಕಲ್ ಕಾಲೇಜ್ ಯಾಕೆ? ಬಸ್ ಹತ್ತಿದ್ರೆ ಸಾಕಲ್ಲ!”

ಬಸ್ ಹತ್ತಿದೆ.

ಅಪ್ಪ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಬೈಯಲಿಲ್ಲ. “ಈಗ ಬಿಎಸ್ಸಿಗೆ ಸೇರ್ಕೋ. ಬರೋ ವರ್ಷ ಇನ್ನೊಂದ್ಸಲ ಅರ್ಜಿ ಹಾಕು. ಆಗ್ಲೂ ಆಗ್ಲಿಲ್ಲ ಅಂದ್ರೆ ಟೈಪಿಂಗ್ ಕಲಿ, ನಮ್ಮ ಆಫೀಸಲ್ಲಿ ಕೇಳ್ತೀನಿ” ಎಂದರು. ಅಷ್ಟೇ. ನನಗೆ ಉಳಿದಿದ್ದು ಇನ್ನೊಂದೇ ಒಂದು ಸಲ.

ಎಲ್ಲದಕ್ಕೂ ಹಲ್ಲು ಕಿರಿಯುವ ನಾನು ಇದೊಂದನ್ನು ಮಾತ್ರ ನಿಜವಾಗಿ ಆಸೆಪಟ್ಟಿದ್ದೆ. ನಮ್ಮೂರ ಡಾಕ್ಟರ ಶಾಪಿನಲ್ಲಿ ಸಂತೆಯಷ್ಟು ಗಲಾಟೆ. ಆದರೆ ಅವರು ಒಬ್ಬರ ಬೆನ್ನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರೆ ಸಾಕು, ಅಳುವ ಮಗುವೂ ಬಾಯಿ ಮುಚ್ಚುತ್ತಿತ್ತು. ಅವರಿಗೆ ಏನು ಕೇಳಿಸುತ್ತಿತ್ತೋ, ಅದು ನನಗೂ ಕೇಳಿಸಬೇಕಿತ್ತು.

ಪಕ್ಕದ ಮನೆಯಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ಇದ್ದರು. “ಅರ್ಜಿ ಬಲವಾಗ್ಬೇಕು ಕಣಯ್ಯಾ. ಫೈಲು ಹಿಡಿದ್ರೆ ಕೈ ನೋಯ್ಬೇಕು” ಎಂದರು. ಆ ವರ್ಷ ನಾನು ಪ್ರಥಮ ಚಿಕಿತ್ಸೆಯ ತರಗತಿಗೆ ಹೋದೆ, ಎರಡು ಸಲ ರಕ್ತ ಕೊಟ್ಟೆ, ಎನ್‌ಸಿಸಿ ಕ್ಯಾಂಪಿನಲ್ಲಿ ಗುಂಡಿ ತೋಡಿದೆ. ಎಲ್ಲದಕ್ಕೂ ಒಂದೊಂದು ಸರ್ಟಿಫಿಕೇಟು. ಆದರೂ ಮೇಷ್ಟ್ರಿಗೆ ತೃಪ್ತಿಯಿಲ್ಲ.

“ಖೋ ಖೋ ಆಡಿದ್ದೀಯಾ?”

“ಇಲ್ಲ ಮೇಷ್ಟ್ರೇ.”

“ಆಡಿದ್ದೀಯಾ. ನಾನೇ ನೋಡಿದ್ದೀನಿ.” ನಿವೃತ್ತರಾಗಿದ್ದರೂ ಶಾಲೆಯ ಸೀಲು ಅವರ ಮನೆಯಲ್ಲೇ ಇತ್ತು. ಠಪ್ಪೆಂದು ಒತ್ತಿಕೊಟ್ಟರು. ಜಿಲ್ಲಾ ಮಟ್ಟ.

ಸಂಜೆ ಅಪ್ಪ ಅದನ್ನು ಎರಡು ಸಲ ಓದಿ, ಚಪ್ಪಲಿ ಮೆಟ್ಟಿ, ಪಕ್ಕದ ಮನೆಗೆ ವಾಪಸ್ಸು ಕೊಟ್ಟು ಬಂದರು. “ಇವನು ಕೂತ ಕಡೆಯಿಂದ ಏಳೋನಲ್ಲ ಮೇಷ್ಟ್ರೇ” ಎಂದರಂತೆ.

ಬೇಸಿಗೆ ರಜೆ ಬಂತು. ಅಪ್ಪನಿಗೆ ಕ್ಯಾಂಟೀನಿನ ಊಟ ಒಗ್ಗದು. ದಿನಾ ಮಧ್ಯಾಹ್ನ ಊಟದ ಕ್ಯಾರಿಯರ್ ತೂಗುಹಾಕಿಕೊಂಡು ಸೈಕಲ್ ತುಳಿಯುವುದು ನನ್ನ ಪಾಲಿಗೆ ಬಂತು. ಹಿಂತಿರುಗುವಾಗ ಗೊರಗುಂಟೆಪಾಳ್ಯದಲ್ಲಿ, ತುಮಕೂರು ರಸ್ತೆಯ ಪಕ್ಕ, ಒಂದು ದೊಡ್ಡ ಮರದ ನೆರಳಲ್ಲಿ ನಿಲ್ಲುತ್ತಿದ್ದೆ. ಅಲ್ಲಿ ಸೋಲದೇವನಹಳ್ಳಿ ಕಡೆಯ ಒಬ್ಬ ಅಜ್ಜಿ ಹಲಸಿನ ಹಣ್ಣು ಗುಡ್ಡೆ ಹಾಕಿಕೊಂಡು ಕೂತಿರುತ್ತಿದ್ದಳು. ಗಿರಾಕಿ ಬಂದರೆ ಹಣ್ಣಿಗೆ ಎರಡು ಏಟು ಕೊಟ್ಟು, “ಇದು ಇವತ್ಗೆ, ಅದು ನಾಳಿದ್ದಕ್ಕೆ” ಎಂದು ಕೊಡುತ್ತಿದ್ದಳು. ತಪ್ಪಿದ್ದು ನಾನು ನೋಡಲಿಲ್ಲ.

“ಏನ್ ಓದೀಯಲಾ?” ಎಂದು ಒಂದು ದಿನ ಕೇಳಿದಳು.

“ಡಾಕ್ಟ್ರಾಗ್ತೀನಿ ಅಜ್ಜಿ.” ಆಗಿಯೇಬಿಟ್ಟ ಹಾಗೆ ಹೇಳಿದೆ.

“ಔದಾ! ಅಂಗಾರೆ ಇದು ಅಣ್ಣೋ ಕಾಯೋ ಯೋಳು ನೋಡಾನ.”

ಮೂಸಿದೆ, ಒತ್ತಿದೆ, ಮುಳ್ಳು ಸವರಿದೆ. “ಹಣ್ಣು” ಎಂದೆ, ಗತ್ತಿನಲ್ಲಿ. ಅವಳು ಕತ್ತಿ ಹಾಕಿದಳು. ಬೆಳ್ಳಗೆ ಅಂಟು ಸುರಿಯಿತು. ಮರದ ಕೆಳಗಿದ್ದ ಲಾರಿಯವರೆಲ್ಲ ನಕ್ಕರು.

“ಅಣ್ಣಿನ್ ಒಟ್ಟೇಲಿ ಏನೈತೆ ಅಂತ ತಿಳೀದೋನು ಮನ್ಸನ್ ಒಟ್ಟೇಲಿ ಏನೈತೆ ಅಂತ ಎಂಗ್ಲಾ ಯೋಳೀಯಾ?”

ಸಮಿತಿಯವರ ಮಾತು ಕೂಡ ನನಗೆ ಅಷ್ಟು ನಾಟಿರಲಿಲ್ಲ. ಮರುದಿನ ಅವಳ ಪಕ್ಕದಲ್ಲೇ ಕೂತೆ.

“ಕೈಯಾಗ್ ನೋಡ್ಬ್ಯಾಡ, ಕಿವೀಲಿ ನೋಡು. ಕಾಯಿ ಟಣ್ ಅಂತದೆ. ಅಣ್ಣು ಬೊದ ಅಂತದೆ. ಎಲ್ಡಕ್ಕೂ ನಡ್ವೆ ಇರೋದು, ಸುಮ್ಕೆ ಕುಂತ್ರೆ, ತಾನೇ ಯೋಳ್ತದೆ.”

ಸುಮ್ಮನೆ ಕೂರುವುದು! ಅದನ್ನು ಯಾವ ಮೇಷ್ಟ್ರಿಗೂ ನನಗೆ ಕಲಿಸಲಾಗಿರಲಿಲ್ಲ. ಆ ಬೇಸಿಗೆಯ ಮಧ್ಯಾಹ್ನಗಳು ಈಗ ಒಂದಕ್ಕೊಂದು ಅಂಟಿಕೊಂಡು ಒಂದೇ ಮಧ್ಯಾಹ್ನವಾಗಿಬಿಟ್ಟಿವೆ. ಜೇನಿನಂಥ ವಾಸನೆ. ನೊಣಗಳ ಗುಂಯ್. ದೂರದ ರೈಲ್ವೆ ಯಾರ್ಡಿನಲ್ಲಿ ವ್ಯಾಗನ್ನುಗಳು ಒಂದನ್ನೊಂದು ಮುಟ್ಟಿ ಸರಿಯುವ ಸದ್ದು, ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ನಾನು ಕಣ್ಣು ಮುಚ್ಚಿ ಬಡಿಯುತ್ತಿದ್ದೆ. ಬಡಿಯುತ್ತ ಬಡಿಯುತ್ತ ತೂಕಡಿಸುತ್ತಿದ್ದೆ, ತೂಕಡಿಕೆಯಲ್ಲೂ ಬೆರಳು ಬಡಿಯುತ್ತಿತ್ತು. ಹಣ್ಣಿನೊಳಗೆ ಬಾಗಿಲು ಹಾಕಿಕೊಂಡ ಒಂದು ಹಳದಿ ಕೋಣೆ, ಅದರೊಳಗೆ ತೊಳೆಗಳು ಪಿಸುಗುಡುತ್ತ ಕೂತಿವೆ ಎನಿಸುತ್ತಿತ್ತು. ನಾನು ಬಾಗಿಲು ತಟ್ಟುವವನು. ಕೆಲವು ಮನೆಯವರು ಥಟ್ಟನೆ ಓಗೊಡುತ್ತಿದ್ದರು, ಕೆಲವರು ನಿದ್ದೆಗಣ್ಣಲ್ಲಿ.

ಕೊನೆಗೆ ಮರ, ಸೈಕಲ್ ಸೀಟು, ನನ್ನದೇ ಎದೆ, ಏನು ಸಿಕ್ಕರೂ ಬಡಿದು ಕೇಳುವ ಚಟ ಹತ್ತಿತು. ಮಳೆ ಹಿಡಿಯುವ ಹೊತ್ತಿಗೆ ಅಜ್ಜಿ ನನ್ನ ಕಣ್ಣಿಗೆ ಟವೆಲ್ ಕಟ್ಟಿ ಹತ್ತು ಹಣ್ಣು ಉರುಳಿಸಿದಳು. ಹತ್ತನ್ನೂ ಸರಿಯಾಗಿ ಹೇಳಿದೆ. “ಉಂ, ಪರ್ವಾಗಿಲ್ಲ” ಎಂದಳು. ನಲವತ್ತು ವರ್ಷದ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಪದವಿ ನನಗೆ ಯಾರೂ ಕೊಟ್ಟಿಲ್ಲ.

ಅರ್ಜಿ ತುಂಬುವ ದಿನ ಬಂತು. ‘ಹವ್ಯಾಸ’ ಎಂಬ ಅಂಕಣದಲ್ಲಿ ಹೋದ ವರ್ಷ ‘ಓದುವುದು’ ಎಂದು ಬರೆದಿದ್ದೆ.

“ಅಂಚೆಚೀಟಿ ಸಂಗ್ರಹ ಅಂತ ಬರಿ” ಎಂದರು ಮೇಷ್ಟ್ರು.

“ನನ್ನ ಹತ್ರ ಒಂದೂ ಇಲ್ವಲ್ಲ ಮೇಷ್ಟ್ರೇ.”

“ಅರ್ಜಿ ಕಳಿಸೋ ಕವರಿಗೆ ಒಂದು ಹಚ್ತೀಯಲ್ಲ, ಸಾಕು!”

ನಾನು ಬರೆದಿದ್ದು: ಹಲಸಿನ ಹಣ್ಣು ಬಡಿಯುವುದು. ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ಅಪ್ಪ ಕನ್ನಡಕ ಏರಿಸಿ ನೋಡಿ, “ನಿಜ ತಾನೇ? ಹಾಗಾದ್ರೆ ಇರ್ಲಿ” ಎಂದರು.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ಅದರಲ್ಲೊಬ್ಬರು ಹಿರಿಯ ಡಾಕ್ಟರು, ದಪ್ಪ ಹುಬ್ಬು. ಅರ್ಜಿ ನೋಡುತ್ತಿದ್ದವರ ಹುಬ್ಬು ಹಾಗೇ ಮೇಲೆ ಹೋಯಿತು.

“ಏನಯ್ಯಾ ಇದು? ಬಡಿದ್ರೆ ಏನ್ ಗೊತ್ತಾಗತ್ತೆ?”

ಟಣ್, ಬೊದ, ನಡುವಿನದು, ಎಲ್ಲ ಹೇಳಿದೆ. ಉಳಿದಿಬ್ಬರು ನಗುತ್ತಿದ್ದರು. ಹಿರಿಯರು ಮಾತ್ರ ಎದ್ದು ನಿಂತು ಕೋಟು ಬಿಚ್ಚಿದರು. “ಬಾ. ನನ್ನನ್ನ ಬಡಿ.”

ನನ್ನ ಎಡಗೈಯನ್ನು ತಮ್ಮ ಎದೆಯ ಬಲಭಾಗಕ್ಕೆ ಅಂಗಾತ ಒತ್ತಿಕೊಂಡು, ಅದರ ನಡುಬೆರಳಿನ ಮೇಲೆ ಬಲಗೈ ಬೆರಳಿನಿಂದ ತಟ್ಟು ಎಂದರು. ಕಣ್ಣು ಮುಚ್ಚಿದೊಡನೆ ತುಮಕೂರು ರಸ್ತೆಯ ನೆರಳು ಆ ಕೋಣೆಗೆ ಬಂತು. ತಟ್ಟುತ್ತ ಬೆರಳು ಬೆರಳಷ್ಟೇ ಕೆಳಗಿಳಿದೆ. ಒಂದು ಕಡೆ ಸದ್ದು ಬದಲಾಯಿತು.

“ಇಲ್ಲಿವರೆಗೂ ಕಾಯಿ ಸಾರ್. ಇಲ್ಲಿಂದ ಕೆಳಕ್ಕೆ ಹಣ್ಣು.”

ಈ ಸಲ ಹಿರಿಯರೇ ಹೊಟ್ಟೆ ಕುಣಿಸಿ ನಕ್ಕರು. ನನ್ನ ಕೈ ಇನ್ನೂ ಅಲ್ಲೇ ಇತ್ತು, ಅದೂ ಕುಣಿಯಿತು. “ಅದು ನನ್ನ ಲಿವರ್ ಕಣಯ್ಯಾ! ಇದನ್ನ ನಮ್ಮ ಹುಡುಗ್ರಿಗೆ ಕೇಳಿಸೋಕೆ ನಂಗೆ ಆರು ತಿಂಗಳು ಬೇಕು. ನಿಂಗ್ಯಾರು ಹೇಳ್ಕೊಟ್ಟಿದ್ದು?”

“ಗೊರಗುಂಟೆಪಾಳ್ಯದಲ್ಲಿ ಒಬ್ಬರು ಅಜ್ಜಿ ಇದ್ದಾರೆ ಸಾರ್.”

ಒಂದು ವರ್ಷ ಬೆವರು ಸುರಿಸಿ ದಪ್ಪ ಮಾಡಿದ ಫೈಲು ತೊಡೆಯ ಮೇಲೇ ಇತ್ತು. ಯಾರೂ ಕೇಳಲಿಲ್ಲ.

ಪಟ್ಟಿ ಹಾಕಿದ ದಿನ ಅಪ್ಪ ರಜೆ ಹಾಕಿ ನನ್ನ ಜೊತೆ ಬಂದರು. ಮೊದಲನೇ ಪುಟದಲ್ಲೇ ನನ್ನ ಹೆಸರಿತ್ತು. ಡಾಕ್ಟರಾದೆ.

ಸರಿ, ಈಗ ಒಪ್ಪಿಕೊಳ್ಳುತ್ತೇನೆ. ಇದರಲ್ಲಿ ಒಂದು ಸುಳ್ಳಿದೆ. ನೀವು ಆ ಡಾಕ್ಟರ ಎದೆಯ ಮೇಲೆ ಅನುಮಾನಪಟ್ಟಿರುತ್ತೀರಿ. ಅಲ್ಲ, ಅದು ಅಪ್ಪಟ ನಿಜ. ಸುಳ್ಳು ಇರುವುದು ಮೊದಲನೇ ಪುಟದಲ್ಲಿ. ಅಲ್ಲಿ ನನ್ನ ಹೆಸರಿರಲಿಲ್ಲ. ಎರಡನೇ, ಮೂರನೇ ಪುಟದಲ್ಲೂ ಇರಲಿಲ್ಲ. ಅಪ್ಪ ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಹೋಗಿ, ಕೊನೆಯ ಹಾಳೆಯಲ್ಲಿ, ಕಾಯುವವರ ಸಾಲಿನಲ್ಲಿ, ಏಳನೆಯವನಾಗಿ ನನ್ನನ್ನು ಕಂಡುಹಿಡಿದರು. ಇಬ್ಬರೂ ಯಲಹಂಕದ ಬಸ್ ಹತ್ತಿದೆವು. ಮನೆಯ ಗೇಟಿನ ಹತ್ತಿರ ಮೇಷ್ಟ್ರು ನಿಂತಿದ್ದರು. “ಏನಾಯ್ತು?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹೇಳಿದರು, “ಮೊದಲ್ನೇ ಪುಟದಲ್ಲೇ ಇದೆ ಮೇಷ್ಟ್ರೇ.”

ಆಮೇಲೆ ಮೂರು ವಾರ ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ ದಿನಾ ಅಂಚೆ ಕಚೇರಿಗೆ ಹೋಗಿ ನಿಲ್ಲುತ್ತಿದ್ದರು. ಏಳು ಜನ ಪುಣ್ಯಾತ್ಮರು ಬೇರೆ ಕಡೆ ಸೀಟು ಸಿಕ್ಕಿ ಹೊರಟುಹೋದರು, ನನಗೆ ಸೀಟಿನ ಕಾರ್ಡು ಬಂತು. ಅಪ್ಪ ಜೀವಮಾನದಲ್ಲಿ ಹೇಳಿದ ಸುಳ್ಳು, ನನಗೆ ತಿಳಿದ ಮಟ್ಟಿಗೆ, ಅದೊಂದೇ. ಅದಕ್ಕೇ ಇಷ್ಟು ವರ್ಷ ನಾನೂ ಅದನ್ನು ತಿದ್ದಲು ಹೋಗಲಿಲ್ಲ.