ಅತ್ತೆ ತಿದ್ದಿದ ಬಿಯರ್

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ನನಗೆ ಹತ್ತಿದ್ದು ಐವತ್ತೆರಡನೇ ವಯಸ್ಸಿನಲ್ಲಿ. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಆಗ ಮೂವರಿದ್ದೆವು: ನಾನು, ಹೆಂಡತಿ, ಮತ್ತು ಕೆ.ಆರ್. ಪುರದಿಂದ ನಮ್ಮ ಜೊತೆ ಇರಲು ಬಂದಿದ್ದ ಅತ್ತೆ. ಶನಿವಾರ ಒಪ್ಪೊತ್ತು ಮಾಡುವ ಅತ್ತೆಗೆ ಹೇಳುವ ಧೈರ್ಯವಾಗದೆ, "ಬಾರ್ಲಿ ಕಷಾಯ, ಕಿಡ್ನಿಗೆ ಒಳ್ಳೇದು" ಎಂದಿದ್ದೆ.

ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ, ಕಹಿಗೆ ಹಾಕುವ ಒಣ ಹೂವು, ಯೀಸ್ಟ್ ಎಲ್ಲ ಆನ್‌ಲೈನಿನಲ್ಲಿ ಬಂದವು. ಮೊದಲ ಸಲ, ಕುದಿಸಿ ಆರಿಸಿದ ಬಾರ್ಲಿ ರಸಕ್ಕೆ ಯೀಸ್ಟ್ ಹಾಕಿ ಸಾರಿನ ಸೌಟಿನಲ್ಲೇ ಕಲಕಿದೆ. ಹತ್ತು ದಿನ ಬಿಟ್ಟು ಡ್ರಮ್ಮಿನ ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಬಡಿಯಿತು. ಹನ್ನೆರಡು ಲೀಟರನ್ನೂ ಬಚ್ಚಲಿಗೆ ಸುರಿದೆ. ಹೆಂಡತಿ ಬಚ್ಚಲಿನ ಕಿಟಕಿ ತೆರೆದಿಟ್ಟಳು.

ಎರಡನೇ ಸಲ ಸೌಟು, ಡ್ರಮ್ಮು ಎಲ್ಲವನ್ನೂ ಕುದಿನೀರಿನಲ್ಲಿ ತೊಳೆದೆ. ಶಿವಾಜಿನಗರದ ಗುಜರಿ ಅಂಗಡಿಯಿಂದ ಬಾಟಲಿ ತಂದೆ. ತಾಳ್ಮೆಯೊಂದು ಇರಲಿಲ್ಲ. ಐದನೇ ದಿನಕ್ಕೇ ತುಂಬಿಸಿ, ನೊರೆ ಚೆನ್ನಾಗಿ ಬರಲೆಂದು ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಹಾಕಿ, ಬಿಗಿಯಾಗಿ ಮುಚ್ಚಿ ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಯ ಪಕ್ಕ ನಿಲ್ಲಿಸಿದೆ.

ಏಪ್ರಿಲ್ ತಿಂಗಳ ಭಾನುವಾರ. ಊಟ ಮಾಡಿ ಅಡ್ಡಾಗಿದ್ದೆವು. ಢಮ್ ಎಂದಿತು. ಎದ್ದು ಕೂರುವಷ್ಟರಲ್ಲಿ ಇನ್ನೊಂದು.

"ಸಿಲಿಂಡರ್! ಎಲ್ರೂ ಆಚೆ ಬನ್ನಿ!" ಎಂದು ಕೂಗುತ್ತಾ ಅತ್ತೆ ಬರಿಗಾಲಲ್ಲೇ ಮೆಟ್ಟಿಲಿಗೆ ಓಡಿದರು. ನಾನು ಹಿಂದೆಯೇ ಓಡಿದೆ.

"ಸಿಲಿಂಡರ್ ಅಲ್ಲ ಅತ್ತೆ. ಕಷಾಯ."

"ಕಷಾಯ ಸಿಡಿಯುತ್ತೇನ್ರೀ?"

ಅಷ್ಟರಲ್ಲಿ ಮೂರನೆಯದೂ ಒಡೆಯಿತು. ಸ್ಟೋರ್ ರೂಮಿನ ಬಾಗಿಲ ಕೆಳಗಿಂದ ನೊರೆ ಹರಿದು ಹಾಲಿಗೆ ಬಂದಿತ್ತು. ಅತ್ತೆ ಒಳಗೆ ಬಂದು ಒಮ್ಮೆ ಉಸಿರೆಳೆದುಕೊಂಡರು.

"ಇದು ಬೀರಲ್ವಾ, ಅಳಿಯಂದ್ರೇ? ನಿಮ್ಮ ಮಾವ ಆಗಾಗ ಹಲಸೂರಿನ ಬಾರಿಗೆ ಹೋಗಿ ಬರ್ತಿದ್ರು. ಈ ವಾಸನೆ ನಂಗೆ ಗೊತ್ತಿಲ್ವಾ?"

ನಾನು ಒಪ್ಪಿಕೊಂಡೆ. ಬೈಗುಳಕ್ಕೆ ಕಾದಿದ್ದವನಿಗೆ ಬಂದದ್ದು ಪ್ರಶ್ನೆ.

"ಮುಚ್ಚೋವಾಗ ಉಕ್ಕೋದು ನಿಂತಿತ್ತಾ?"

"ಇಲ್ಲ, ಇನ್ನೂ ಗುಳ್ಳೆ ಬರ್ತಿತ್ತು."

"ಮತ್ತೆ? ಉಕ್ತಿರೋ ದೋಸೆ ಹಿಟ್ಟಿಗೆ ಬಿಗಿಯಾಗಿ ಮುಚ್ಚಳ ಹಾಕ್ತಾರಾ ಯಾರಾದ್ರೂ? ಬೇಸಿಗೆ ಬೇರೆ."

ಉಳಿದ ಬಾಟಲಿಗಳ ಮೇಲೆ ದಪ್ಪ ಕಂಬಳಿ ಹೊದಿಸಿ ಒಂದೊಂದಾಗಿ ಮುಚ್ಚಳ ಸಡಿಲಿಸಿದೆ. ಮೂಟೆಯೊಳಗೆ ಗಾಜಿನ ಚೂರು ಹೊಕ್ಕಿದ್ದರಿಂದ ಅಕ್ಕಿಯನ್ನೆಲ್ಲ ಎಸೆಯಬೇಕಾಯಿತು. ಹೆಂಡತಿಗೆ ಆಗ ನಿಜವಾಗಿ ಸಿಟ್ಟು ಬಂತು. "ಇನ್ನೊಂದ್ಸಲ ಮಾಡೋದಾದ್ರೆ ಅಮ್ಮನ್ನ ಕೇಳ್ಕೊಂಡು ಮಾಡಿ" ಎಂದಳು. ಬೇಸರವಾದರೂ ನನ್ನ ಎದೆ ಹಗುರಾಗಿತ್ತು. ಇನ್ನು ಸುಳ್ಳು ಹೇಳಬೇಕಿರಲಿಲ್ಲ.

ಮೂರನೇ ಸಲ ಅತ್ತೆ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಬಿಯರಿನ ಪಾತ್ರೆ ಮುಟ್ಟಲಿಲ್ಲ, ಒದ್ದೆ ಕೈ ಒರೆಸಿಕೊಳ್ಳಲು ಮಾತ್ರ ನನಗೆ ಎರಡು ಸಲ ಹೇಳಿದರು. ರಸ ಸೋಸಿದ ಮೇಲೆ ಉಳಿದ ಬಾರ್ಲಿಯನ್ನು ಎಸೆಯಲು ಬಿಡದೆ, ಅಕ್ಕಿ ಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ರೊಟ್ಟಿ ತಟ್ಟಿದರು. ನಾನು ನಾಲ್ಕು ತಿಂದೆ. ಗುಳ್ಳೆ ಪೂರ್ತಿ ನಿಂತು ಮೂರು ದಿನವಾಗುವವರೆಗೆ ಬಾಟಲಿಗೆ ಕೈ ಹಾಕಲು ಅತ್ತೆ ಬಿಡಲಿಲ್ಲ. ಸಕ್ಕರೆಯನ್ನು ಅವರೇ ಅಳೆದರು, ತಲಾ ಅರ್ಧ ಚಮಚ.

ಜೂನ್ ತಿಂಗಳ ಒಂದು ಸಂಜೆ ಮೊದಲ ಬಾಟಲಿ ತೆರೆದೆ. ಟಸ್ ಎಂದು ಸಣ್ಣ ಸದ್ದು, ಅರ್ಧ ಬೆರಳಷ್ಟು ನೊರೆ, ಹುಣಸೆ ನೀರಿನ ಬಣ್ಣ. ಹೆಂಡತಿ ಒಂದು ಗುಟುಕು ಕುಡಿದು, "ಕಹಿ ಸ್ವಲ್ಪ ಜಾಸ್ತಿ ಆಯ್ತು" ಎಂದು ಮುಖ ಕಿವುಚಿದಳು. ಆಮೇಲೆ ಲೋಟ ಖಾಲಿ ಮಾಡಿ ಮತ್ತೆ ಮುಂದೆ ಹಿಡಿದಳು.

ಅತ್ತೆ ನನ್ನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಬಗ್ಗಡ ಬಂದಿದೆ. ಅಲ್ಲಾಡಿಸ್ದೆ ಬಗ್ಗಿಸ್ಬೇಕಿತ್ತು" ಎಂದು ಲೋಟ ವಾಪಸು ಕೊಟ್ಟು, ಹಾಲು ಕಾಯಿಸಲು ಒಳಗೆ ಹೋದರು. ನಾನು ಬಗ್ಗಡದ ಸಮೇತ ಪೂರ್ತಿ ಕುಡಿದೆ.