ಅಕ್ಕನ ಒಂದು ಒಳ್ಳೆಯ ಫೋಟೊ

ನಾನು ಕ್ಯಾಮೆರಾ ಹೊರಗೆ ತೆಗೆದರೆ ನಮ್ಮ ನೆಂಟರು ಯಾರೂ ಎದ್ದು ಹೋಗುವುದಿಲ್ಲ. ಆದರೆ ಫೋಟೊ ಹೇಗೆ ಬಂತು ಎಂದು ಕೇಳುವುದನ್ನು ಅವರು ಬಿಟ್ಟು ಬಹಳ ಕಾಲವಾಯಿತು. ಅದು ಅವರ ದೊಡ್ಡ ಗುಣ.

ಹಾಸನದಲ್ಲಿ ರಸಾಯನಶಾಸ್ತ್ರದ ಮೇಷ್ಟರಾಗಿದ್ದು ನಿವೃತ್ತನಾದ ಮೇಲೆ, ಜೇಬಿನಲ್ಲಿ ಹಿಡಿಯುವಂಥ ಈ ಜೂಮ್ ಕ್ಯಾಮೆರಾ ಕೊಂಡೆ. ಗುಂಡಿ ಒತ್ತಿದರೆ ಅದರ ಮೂತಿ ಆಮೆಯ ಕತ್ತಿನಂತೆ ಹೊರಗೆ ಬರುತ್ತದೆ. ಹೊಳೆನರಸೀಪುರದ ಸೇತುವೆಯ ಮೇಲೆ ನಿಂತು, ಹೇಮಾವತಿಯ ನಡುಬಂಡೆಯಲ್ಲಿ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಯನ್ನು ಕಣ್ಣೆದುರಿಗೆ ಎಳೆದುಕೊಂಡಾಗ ಹಿಗ್ಗಿದೆ. ಕಾಲು ನೋಯಿಸಿಕೊಳ್ಳದೆ ಎಲ್ಲಿಗೆ ಬೇಕಾದರೂ ಹೋಗಬಹುದಲ್ಲ! ಮನೆಗೆ ಬಂದು ನೋಡಿದರೆ ಕಾಗೆ ಯಾವುದು ಬಂಡೆ ಯಾವುದು ತಿಳಿಯಲಿಲ್ಲ.

ಬಾಗೂರಿನಲ್ಲಿರುವ ನನ್ನ ಅಕ್ಕ ಪುಟ್ಟತಾಯಮ್ಮನಿಗೂ ಇದೇ ಗತಿಯಾಯಿತು. ನಾನು ಹೋದಾಗಲೆಲ್ಲ ಅವಳು ಸೀರೆ ಬದಲಿಸಿ ಜಗಲಿಯ ಮೇಲೆ ಕೂರುತ್ತಿದ್ದಳು. ನಾನು ಬೀದಿಯಾಚೆ ನಿಂತು ಜೂಮ್ ಎಳೆಯುತ್ತಿದ್ದೆ.

“ಅಲ್ಲೇನ್ಲಾ ಮಾಡ್ತೀಯ, ಅತ್ರ ಬಾ,” ಎನ್ನುತ್ತಿದ್ದಳು.

ಫೋಟೊದಲ್ಲಿ ಮುಖ ಅಲುಗಾಡಿ ಎರಡಾಗಿರುತ್ತಿತ್ತು. ಅವಳು ನೋಡಿ ನಗುತ್ತಿದ್ದಳು. “ಚೆಂದಾಗ್ ಕಲ್ತ್ಕಂಡು ಒಂದು ತೆಗ್ದುಕೊಡ್ಲಾ. ನನ್ ಮಖ ಎಂಗೈತೆ ಅಂತ ನಾನೂ ಒಂದ್ಸಲ ನೋಡ್ಬೇಕು.”

ಹುಡುಗಾಟಕ್ಕೆ ಹೇಳಿದ ಮಾತಲ್ಲ ಅನ್ನಿಸಿತು. ಕಲಿಯಲು ಕುಳಿತೆ. ಮೊಣಕೈಯನ್ನು ಪಕ್ಕೆಗೆ ಆನಿಸಿ ಉಸಿರು ಬಿಟ್ಟು ಒತ್ತಬೇಕು, ಜೂಮ್ ಎಳೆದಷ್ಟೂ ಕೈನಡುಕ ದೊಡ್ಡದಾಗಿ ಕಾಣುತ್ತದೆ, ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳಬೇಕು. ಬೆಳಕಿನಿಂದ ಆಗುವ ಕೆಲಸಕ್ಕೆ ನಮ್ಮವರು ಛಾಯಾಚಿತ್ರ, ಅಂದರೆ ನೆರಳಿನ ಚಿತ್ರ, ಎಂದು ಯಾಕೆ ಹೆಸರಿಟ್ಟರೋ ಎಂದು ಒಂದು ವಾರ ತಲೆ ಕೆಡಿಸಿಕೊಂಡೆ. ಮೇಷ್ಟರ ಬುದ್ಧಿ, ಪಾಠ ಸಿಕ್ಕಿದರೆ ಪರೀಕ್ಷೆ ಮರೆತುಹೋಗುತ್ತದೆ. ಅರಕಲಗೂಡಿನ ಸಂತೆಯಲ್ಲಿ ಮೂಲಂಗಿ ರಾಶಿಯನ್ನೂ, ಶಾಂತಿಗ್ರಾಮದಲ್ಲಿ ಹಾಲಿನ ಕ್ಯಾನುಗಳನ್ನೂ ತೆಗೆದು ಕೈ ಪಳಗಿಸಿದೆ.

“ನಿಮ್ಮಕ್ಕನ ಫೋಟೊ ಮೊದ್ಲು ತೆಗೀರಿ. ಮೂಲಂಗಿ ಎಲ್ಲಿಗೂ ಹೋಗಲ್ಲ,” ಎಂದಳು ನನ್ನ ಹೆಂಡತಿ.

“ಇನ್ನೊಂಚೂರು ಕೈ ಕುದುರ್ಲಿ,” ಎಂದೆ.

ಅಷ್ಟರಲ್ಲಿ ಅಕ್ಕನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಚನ್ನರಾಯಪಟ್ಟಣದಲ್ಲಿ ತೋರಿಸಿ, ಹಾಸನಕ್ಕೆ ಕರೆತಂದೆವು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಮುಂದಿನ ಸಲ ನಾನು ಬಾಗೂರಿಗೆ ಹೋದಾಗ ಅವಳಿಗೆ ಬಾಗಿಲು ಯಾವ ಕಡೆಯಿದೆ ಎನ್ನುವಷ್ಟು ಮಾತ್ರ ಕಾಣುತ್ತಿತ್ತು.

ಆದರೂ ಸೀರೆ ಬದಲಿಸಿ ಬಂದಳು. ಅವಳನ್ನು ಬಾಗಿಲ ಬೆಳಕಿಗೆ ಕೂರಿಸಿ, ಜೂಮ್ ಮುಟ್ಟದೆ, ಎದುರಿಗೇ ಮಂಡಿಯೂರಿ ತೆಗೆದೆ. ಅಂಥ ಫೋಟೊ ನಾನು ಹಿಂದೆಂದೂ ತೆಗೆದಿರಲಿಲ್ಲ.

“ಎಂಗ್ ಬಂದೈತ್ಲಾ?”

“ಚೆನ್ನಾಗ್ ಬಂದಿದೆ ಅಕ್ಕ.”

“ಅಂಗಂದ್ರೆ ನಂಗೇನ್ ಗೊತ್ತಾಯ್ತದೆ? ನೋಡಿ ಯೋಳು.”

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಹೇಳುವಷ್ಟು ಏನೂ ಕಾಣಲಿಲ್ಲ. ಅದನ್ನು ಕೆಳಗಿಟ್ಟು ಅವಳನ್ನೇ ನೋಡಿದೆ. ಬೈತಲೆಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿಂದಕ್ಕೆ ಹೋದಂತೆ ಇನ್ನೂ ಕಪ್ಪಿತ್ತು. ಎಡಹುಬ್ಬಿನೊಳಗೆ ಒಂದು ಹಳೆಯ ಗಾಯದ ಗೆರೆ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳ ಮುಖದಲ್ಲಿ ಅದು ಎಂದಿನಿಂದ ಇತ್ತೋ ನನಗೆ ಗೊತ್ತಿರಲಿಲ್ಲ. ಒಂದೊಂದಾಗಿ ಹೇಳಿದೆ.

“ಮೂಗು?”

“ಅವ್ವನ ಮೂಗೇ.”

ಅಕ್ಕ ಬೆರಳಿನಿಂದ ಮೂಗು ಮುಟ್ಟಿ ನೋಡಿಕೊಂಡಳು. “ಅದು ನಂಗೂ ಗೊತ್ತು ಕಣ. ಮುಂದ್ಕೆ ಯೋಳು,” ಎಂದಳು.